ಲೇಬಲ್ಲು ಸುಲಿದ ಸೀಸೆ

ಮೊನ್ನೆ ಮೈಸೂರಿನ ಒಂದು ಆಯುರ್ವೇದದ ಅಂಗಡಿಯಲ್ಲಿ ಭುಜದ ನೋವಿಗೆ ಎಣ್ಣೆ ಕೊಳ್ಳಲು ನಿಂತಿದ್ದೆ. ನನಗಿಂತ ಮುಂದಿದ್ದ ಮುದುಕರೊಬ್ಬರಿಗೆ ಹನಿ ಹಾಕಿಕೊಳ್ಳುವ ಬಗೆ ತೋರಿಸಲೆಂದು ಅಂಗಡಿಯಾಕೆ ಪುಟ್ಟ ಸೀಸೆಯೊಂದರ ಮುಚ್ಚಳ ತೆರೆದಳು. ಹಸಿ ಸೊಪ್ಪನ್ನು ಜಜ್ಜಿ ಎಳ್ಳೆಣ್ಣೆಯಲ್ಲಿ ನೆನೆಹಾಕಿದಂಥ, ಮಳೆಗೆ ಸಿಕ್ಕಿದ ಹುಲ್ಲಿನ ಮೆದೆಯಂಥ ವಾಸನೆ ಬಂತು. ಕೊಳ್ಳಬೇಕಾದ್ದನ್ನು ಕೊಳ್ಳದೆ ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಪಾಂಡವಪುರದಲ್ಲಿ ಕಳೆದ ಆ ಒಂದು ಮಳೆಗಾಲ ಮತ್ತೆ ನನ್ನ ಮುಂದೆ ಬಂದು ನಿಂತಿತ್ತು.

ಆ ವರ್ಷ ಅಲ್ಲಿನ ಕಾಲೇಜಿನಲ್ಲಿ ನನಗೆ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ನಮ್ಮದು ಕೆ.ಆರ್. ಪೇಟೆಯ ಶೀಳನೆರೆ ಕಡೆ. ದಿನವೂ ಬಸ್ಸು ಬದಲಿಸಿ ಓಡಾಡುವುದು ಬೇಡವೆಂದು ಅವ್ವ ನನ್ನನ್ನು ತನ್ನ ತಂಗಿಯ ಮನೆಯಲ್ಲಿ ಬಿಟ್ಟಳು. ಚಿಕ್ಕಮ್ಮ ಗೌರಮ್ಮನಿಗೂ ಚಿಕ್ಕಪ್ಪ ನಂಜುಂಡಾಚಾರರಿಗೂ ಮಕ್ಕಳಿಲ್ಲ. ಚಿಕ್ಕಂದಿನಿಂದ ಬೇಸಗೆ ರಜೆಯೆಲ್ಲ ಅವರ ಮನೆಯಲ್ಲೇ ಕಳೆದವಳು ನಾನು. ಚಿಕ್ಕಪ್ಪ ಅಕ್ಕಸಾಲಿ. ಮನೆಯ ಮುಂಭಾಗದ ಸಣ್ಣ ಕೋಣೆಯೇ ಅವರ ಕೆಲಸದ ಜಾಗ. ತಾಳಿ, ಗುಂಡು, ಓಲೆ ಅಂದರೆ ಸುತ್ತಲಿನ ಹಳ್ಳಿಯವರು ದೊಡ್ಡ ಅಂಗಡಿಗಳನ್ನು ದಾಟಿ ಅವರ ಬಳಿಗೇ ಬರುತ್ತಿದ್ದರು. ತಾಳಿಯನ್ನು ಮಾತ್ರ ಯಂತ್ರದಲ್ಲಿ ಒತ್ತಿದ್ದು ಬೇಡ, ಆಚಾರ್ರ ಕೈಯಲ್ಲೇ ಆಗಬೇಕು ಅನ್ನುವವರು ಈಗಲೂ ಆ ಕಡೆ ಇದ್ದಾರೆ.

ನಾನು ಹೋದಾಗ ಚಿಕ್ಕಮ್ಮನ ಕಾಯಿಲೆ ಮೂಳೆಗೆ ಇಳಿದಿತ್ತು. ಗರ್ಭಕೋಶದಲ್ಲಿ ಶುರುವಾದ ಕ್ಯಾನ್ಸರು. ಆಪರೇಷನ್ನು, ಕರೆಂಟು ಎಂದು ನಮ್ಮವರು ಕರೆಯುವ ರೇಡಿಯೇಷನ್ನು, ಎಲ್ಲ ಮುಗಿದಿದ್ದವು. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತರೆ ಸಾಯಂಕಾಲದವರೆಗೂ ಹಾಗೇ. ತಿಂದದ್ದು ನಿಲ್ಲುತ್ತಿರಲಿಲ್ಲ. ಆಷಾಢದ ಗಾಳಿ ಹೆಂಚಿನ ಸಂದಿಯಲ್ಲಿ ಹುಯ್ಯೆನ್ನುವಾಗ ಅದರೊಳಗೆ ಅವಳ ನರಳಾಟವೂ ಸೇರಿಕೊಂಡು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ಮಾತ್ರೆಗಳು ಸಾಲದಾದಾಗ ಅಲ್ಲಿನ ನರ್ಸೊಬ್ಬರು ಆಯುರ್ವೇದದ ಡಾಕ್ಟರೊಬ್ಬರ ಹೆಸರು ಹೇಳಿದರು. ದೊಡ್ಡ ಡಾಕ್ಟರನ್ನು ಕೇಳಿಕೊಂಡೇ ಚಿಕ್ಕಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ಆ ಆಯುರ್ವೇದದ ಡಾಕ್ಟರು ನಡುವಯಸ್ಸಿನ ಹೆಂಗಸು. ಹಳೆಯ ಕಾಗದಗಳನ್ನೆಲ್ಲ ತಿರುವಿ ನೋಡಿ ಒಂದು ಪುಟ್ಟ ಕಂದು ಸೀಸೆಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ಹಸಿರು ಎಲೆಯ ಚಿತ್ರವಿತ್ತು. ಬೆರಳು ಬಿಡಿಸಿದ ಅಂಗೈಯಂಥ ಎಲೆ.

"ಇದು ಭಂಗಿ ಸೊಪ್ಪಿನ ಎಣ್ಣೆ. ನಮ್ಮ ಶಾಸ್ತ್ರದಲ್ಲಿ ವಿಜಯಾ ಅಂತೀವಿ. ಲೈಸೆನ್ಸ್ ಇರೋ ಔಷಧಿ, ನಾವು ಬರೆದುಕೊಟ್ಟರೆ ಮಾತ್ರ ಸಿಗೋದು. ಹೆದರಬೇಡಿ. ಆದರೆ ಸದರ ಮಾಡಿಕೊಳ್ಳಲೂಬೇಡಿ" ಎಂದರು. ಆಮೇಲೆ ಸೀಸೆಯನ್ನು ತಿರುಗಿಸಿ ಲೇಬಲ್ಲಿನ ಕೆಂಪು ಅಕ್ಷರಗಳನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ವಿವರಿಸಿದರು. ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು. ತೆಗೆದುಕೊಂಡ ಮೇಲೆ ಗಾಡಿ ಓಡಿಸಬಾರದು. ಮಕ್ಕಳ ಕೈಗೆ ಸಿಗಬಾರದು. ಬೇರೆಯವರಿಗೆ ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಟ್ಟೆಗೆ ಹೋದ ತಕ್ಷಣ ಇದು ಕೆಲಸ ಮಾಡುವುದಿಲ್ಲ, ಗಂಟೆಗಟ್ಟಲೆ ಕಾಯಬೇಕಾಗಬಹುದು, ಏನೂ ಆಗಲಿಲ್ಲವೆಂದು ಮೇಲೆ ಮೇಲೆ ಹಾಕಿಕೊಂಡರೆ ಅಪಾಯ.

ಚಿಕ್ಕಮ್ಮನೂ ನಾನೂ ಕೇಳಿಸಿಕೊಂಡೆವು. ಚಿಕ್ಕಪ್ಪ ಆಗ ಸ್ಕ್ಯಾನಿನ ವರದಿ ತರಲು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲ ಹೇಳಿದೆ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ಸು ನಿಧಾನವಾದಾಗ ಅವರು ಕೆಳಗಿನ ಹೊಳೆ ನೋಡುತ್ತ, "ಭಂಗಿ ಅಂದ್ರೆ ಗಾಂಜಾನೇ ಅಲ್ವೇನವ್ವ?" ಎಂದು ಕೇಳಿದರು. ಬೇರೆ ಮಾತೊಂದೂ ಅವರ ಕಿವಿಗೆ ಬಿದ್ದ ಹಾಗಿರಲಿಲ್ಲ.

ಮಾರನೆಯ ದಿನ ಕಾಲೇಜಿನಿಂದ ಬಂದು ನೋಡುತ್ತೇನೆ, ಸೀಸೆಯ ಮೈ ಬೋಳು. ಬಿಸಿನೀರಿನಲ್ಲಿ ಅದ್ದಿಟ್ಟು, ಉಗುರಿನಲ್ಲಿ ಕೆರೆದು, ಅಂಟು ಕೂಡ ಉಳಿಯದ ಹಾಗೆ ಒರೆಸಿದ್ದರು. ಚಿನ್ನದ ಕೆಲಸದವರ ಕೈ.

"ಲೇಬಲ್ಲೆಲ್ಲಿ ಚಿಕ್ಕಪ್ಪ?"

"ಕಿತ್ತಾಕ್ದೆ ಬುಡು. ಆ ಎಲೆ ಬಂದೋರ ಕಣ್ಣಿಗೆ ಬಿದ್ರೆ ಪ್ಯಾಟೆಲ್ಲ ಡಂಗೂರ ಆಯ್ತದೆ. ಆಚಾರ್ರ ಮನೇಲಿ ಗಾಂಜಾ ಅದೆ ಅಂದ್ರೆ ನಾಳೆ ತಾಳಿ ಮಾಡ್ಸೋಕೆ ಯಾರು ಬತ್ತಾರೆ?"

"ಅದರ ಮೇಲೆ ಎಚ್ಚರಿಕೆ ಬರೆದಿತ್ತಲ್ಲ?"

"ಇಂಗ್ಲೀಸು, ಇಂದಿ. ನಂಗೊತ್ತಾದದ, ನಿನ್ ಚಿಕ್ಕಮ್ಮಂಗೊತ್ತಾದದ? ಎಂಗಿದ್ರೂ ಹನಿ ಹಾಕೋಳು ನೀನು. ನಿಂಗೊತ್ತಲ್ಲ, ಸಾಕು."

ಅವರ ಕೆಲಸದ ಕೋಣೆಯಲ್ಲಿ ಆಸಿಡ್ಡಿನ ಸೀಸೆ ಒಂದಿತ್ತು. ಅದರ ಮೇಲೆ ಅವರೇ ಕೆಂಪು ಬಣ್ಣದಲ್ಲಿ ದಪ್ಪಗೆ 'ವಿಷ' ಎಂದು ಬರೆದಿದ್ದರು. ಅದನ್ನು ತೋರಿಸಿ, "ಇದಕ್ಕೆ ಮಾತ್ರ ಬರೆದಿದೀರಲ್ಲ" ಎಂದೆ.

"ಅದು ವಿಷ ಕಣವ್ವ. ಇದು ಔಷ್ದಿ" ಎಂದರು.

ಎಣ್ಣೆ ಹಿಡಿಯಿತು. ಪವಾಡವೇನೂ ಆಗಲಿಲ್ಲ, ಕಾಯಿಲೆ ಕಾಯಿಲೆಯಾಗಿಯೇ ಇತ್ತು. ಆದರೆ ವಾರ ಕಳೆಯುವಷ್ಟರಲ್ಲಿ ಚಿಕ್ಕಮ್ಮ ಅರ್ಧ ಮುದ್ದೆಯನ್ನು ಉಪ್ಸಾರಿನಲ್ಲಿ ಅದ್ದಿ ನುಂಗಿದಳು, ಅದು ಹೊಟ್ಟೆಯಲ್ಲಿ ನಿಂತಿತು. ಜಗಲಿಗೆ ಬಂದು ಕುಳಿತು, ಹಾದಿಯಲ್ಲಿ ಹೋಗುವ ಕಬ್ಬಿನ ಟ್ರಾಕ್ಟರುಗಳಿಂದ ಜಲ್ಲೆ ಎಳೆಯುವ ಹೈಕಳನ್ನು ಬೈಯುವಷ್ಟು ದನಿ ಬಂತು. ಕನ್ನಂಬಾಡಿ ಕಟ್ಟೆ ತುಂಬಿ ನಾಲೆಗೆ ನೀರು ಬಿಟ್ಟಿದ್ದ ಸುದ್ದಿ ಕೇಳಿ, "ಒಂದ್ ಸಲ ನೀರ್ ನೋಡ್ಕಂಡ್ ಬರನ ಕಣೇ" ಎಂದಳು. ಆಟೋದಲ್ಲಿ ಕರೆದುಕೊಂಡು ಹೋಗಿ ನಾಲೆ ಏರಿಯ ಮೇಲೆ ನಿಲ್ಲಿಸಿದೆ. ಕೆಂಪು ನೀರು ಎರಡೂ ದಡ ತುಂಬಿ ಹೋಗುತ್ತಿತ್ತು. ಕೆಳಗಿನ ಗದ್ದೆಗಳಲ್ಲಿ ನಾಟಿಯ ಹೆಂಗಸರು ಬಗ್ಗಿದ್ದರು. ಅವಳು ಬಹಳ ಹೊತ್ತು ನೋಡಿದಳು.

ಶ್ರಾವಣ ಬಂದಾಗ ಮದುವೆಗಳೂ ಬಂದವು. ಆಷಾಢವೆಲ್ಲ ತಣ್ಣಗಿದ್ದ ಕುಲುಮೆಗೆ ಮತ್ತೆ ಬೆಂಕಿ ಬಿತ್ತು. ತೊಣ್ಣೂರಿನ ಒಂದು ಮನೆಯವರು ಮಗಳ ತಾಳಿಗೆ ಹೇಳಿಹೋಗಿದ್ದರು. ಅದೇ ಸಮಯಕ್ಕೆ ಚಿಕ್ಕಮ್ಮನ ನೋವು ಮತ್ತೆ ಏರಿತು. ಡಾಕ್ಟರು ಫೋನಿನಲ್ಲಿ ಹೇಳಿದಂತೆ ಹನಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಿದ್ದೆ. ಆದರೂ ಬೆಳಗಿನ ಹೊತ್ತು ಅವಳಿಗೆ ತಡೆಯಲು ಆಗುತ್ತಿರಲಿಲ್ಲ. ಕೆಲಸದ ಕೋಣೆಗೂ ಅವಳು ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ.

ಚಿಕ್ಕಪ್ಪ ತೊಣ್ಣೂರಿಗೆ ಹೋಗಿ ತಾಳಿ ಕೊಟ್ಟುಬರಬೇಕಾಗಿದ್ದ ದಿನ ನಾನು ಪಾಠ ಮಾಡುತ್ತಿದ್ದಾಗ ಫೋನು ಬಂತು. ಚಿಕ್ಕಪ್ಪ ಮೊಪೆಡ್ಡಿನ ಜೊತೆ ನಾಲೆಗೆ ಬಿದ್ದಿದ್ದಾರೆ, ಸರ್ಕಾರಿ ಆಸ್ಪತ್ರೆಗೆ ತಂದಿದ್ದಾರೆ.

ಹೋದಾಗ ಬಾಗಿಲಲ್ಲಿ ಒದ್ದೆ ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಜವರಮ್ಮ ಎಂದು ಹೆಸರು. ಏರಿಯ ಮೇಲೆ ಹುಲ್ಲು ಕುಯ್ಯುತ್ತಿದ್ದವಳು. ಹುಲ್ಲಿನ ಹೊರೆ ಕಟ್ಟುವ ಹಗ್ಗವನ್ನು ಎಸೆದು, ಕೂಗಿ ಜನ ಸೇರಿಸಿ ಅವರನ್ನು ಎಳೆದುಹಾಕಿದ್ದೇ ಅವಳು.

"ಬಂಡಿ ನಿಲ್ಲಿಸ್ಕಂಡು ನೀರ್ನೇ ನೋಡ್ತಾ ನಿಂತಿದ್ರು ಕಣವ್ವ. ಆಚಾರ್ರೇ, ಯಾಕಿಂಗ್ ನಿಂತಿದ್ದೀರಿ ಅಂದ್ರೆ ನನ್ ಕಡೆ ತಿರುಗಿ ನಕ್ರು. ನಗ ಅಂದ್ರೆ ಎಂತಾ ನಗ, ಮಗೀನ್ ನಗ. ಆಮೇಕೆ ಬಂಡಿ ಹತ್ತಿ ಸೀದಾ ನೀರಿನ್ ಕಡೀಕೇ ತಿರುಗ್ಸ್‌ಬುಟ್ರು." ಸೆರಗಿನಿಂದ ಕರ್ಚೀಫಿನ ಗಂಟೊಂದನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟಳು. "ಒಳಜೇಬಲ್ಲಿತ್ತು. ಯಾರ್ ಮನೆ ತಾಳಿಯೋ, ಜ್ವಾಪಾನ."

ಒಳಗೆ ಚಿಕ್ಕಪ್ಪ ಮಂಚದ ಮೇಲೆ ಅತ್ತಿತ್ತ ಹೊರಳುತ್ತಿದ್ದರು. ಬಲಗೈ ಮಣಿಕಟ್ಟು ಬೇರೆ ದಿಕ್ಕಿಗೆ ತಿರುಗಿತ್ತು. ಹಣೆಯ ಮೇಲೆ ರಕ್ತ. ಎದೆ ಡವಡವ ಹೊಡೆದುಕೊಳ್ಳುವುದು ಅಂಗಿಯ ಮೇಲೆಯೇ ಕಾಣುತ್ತಿತ್ತು. "ಹೊತ್ತು ಓಯ್ತಾನೇ ಇಲ್ಲ, ಹೊತ್ತು ಓಯ್ತಾನೇ ಇಲ್ಲ" ಎಂದು ಅದನ್ನೇ ಹೇಳುತ್ತಿದ್ದರು. ನಾನು ಬಗ್ಗಿದಾಗ ಅವರ ಉಸಿರಿನಲ್ಲಿ ಆ ವಾಸನೆ ಇತ್ತು. ಎಳ್ಳೆಣ್ಣೆ, ಹಸಿ ಸೊಪ್ಪು.

ಡಾಕ್ಟರಿಗೆ ಹೇಳಿದೆ. ಅವರು ಸೀಸೆ ತನ್ನಿ ಎಂದರು. ಮನೆಗೆ ಓಡಿಹೋಗಿ ತಂದೆ. ಬೆಳಿಗ್ಗೆ ನಾನು ಇಟ್ಟುಹೋದಾಗ ಇದ್ದದ್ದಕ್ಕಿಂತ ಎಣ್ಣೆ ಎಷ್ಟೋ ಕೆಳಗಿಳಿದಿತ್ತು. ಡಾಕ್ಟರು ಸೀಸೆಯನ್ನು ಹಿಂದೆ ಮುಂದೆ ತಿರುಗಿಸಿದರು, ತಳ ನೋಡಿದರು.

"ಏನಮ್ಮ ಇದು, ಲೇಬಲ್ಲೇ ಇಲ್ಲ? ಇದರಲ್ಲಿ ಏನೇನಿದೆ? ಎಷ್ಟು ಸ್ಟ್ರಾಂಗು? ಮನೇಲಿ ಯಾರೋ ಕಾಯಿಸಿದ್ದೋ, ಕಂಪನಿಯದೋ? ತಲೆಗೂ ಪೆಟ್ಟು ಬಿದ್ದಿದೆ. ಈ ಮಂಪರು ಪೆಟ್ಟಿನದೋ ಎಣ್ಣೆಯದೋ, ವಾಸನೆ ನೋಡಿ ಹೇಳಕ್ಕಾಗುತ್ತಾ?"

ನಾನು ಗೊತ್ತಿದ್ದಷ್ಟು ಹೇಳಿದೆ. ಹೆಸರು ಹೇಳಿದೆ, ಶಕ್ತಿ ಎಷ್ಟೆಂದು ನನಗೂ ತಿಳಿಯದು, ಚೀಟಿಯಲ್ಲಿದ್ದದ್ದು ಬರೀ ಹನಿಯ ಲೆಕ್ಕ. ಮೈಸೂರಿನ ಡಾಕ್ಟರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ. ಅಷ್ಟರಲ್ಲಿ ಆಂಬುಲೆನ್ಸು ಬಂತು, ತಲೆಯ ಸ್ಕ್ಯಾನಿಗೆ ಮೈಸೂರಿಗೇ ಹೊರಟೆವು. ದಾರಿಯುದ್ದಕ್ಕೂ ನನ್ನ ಮಡಿಲಲ್ಲಿ ಆ ಬೋಳು ಸೀಸೆ. ಇದ್ದಿದ್ದರೆ ಎರಡು ಬೆರಳಗಲದ ಒಂದು ಕಾಗದ, ಅಷ್ಟೇ. ಅದಿಲ್ಲದೆ ಕಣ್ಣೆದುರಿಗಿದ್ದ ಮನುಷ್ಯ ಸಾಯುತ್ತಿದ್ದಾನೋ ಬರೀ ಅಮಲಿನಲ್ಲಿದ್ದಾನೋ ಎಂದು ಓದಿದವರಿಗೂ ಗೊತ್ತಾಗದ ಸ್ಥಿತಿ. ಚಿಕ್ಕಪ್ಪನಿಗೆ ಆ ಇಂಗ್ಲಿಷು ಓದಲು ಬರುತ್ತಿರಲಿಲ್ಲ, ನಿಜ. ಆದರೆ ಕೆಂಪು ಅಕ್ಷರ ಕಂಡರೆ ಓದು ಬಾರದವರೂ ಒಂದು ಗಳಿಗೆ ಕೈ ತಡೆಯುತ್ತಾರೆ. ಆ ಒಂದು ಗಳಿಗೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾನು ಇವತ್ತಿಗೂ ಬಗೆಹರಿಸಿಕೊಂಡಿಲ್ಲ.

ಬೆಳಗೊಳದ ಹತ್ತಿರ ಬಂದಾಗ ಆಯುರ್ವೇದದ ಡಾಕ್ಟರೇ ವಾಪಸು ಫೋನು ಮಾಡಿದರು. ಔಷಧಿಯ ವಿವರವನ್ನೆಲ್ಲ ಆಸ್ಪತ್ರೆಯವರಿಗೆ ನೇರವಾಗಿ ತಿಳಿಸಿದರು. ತಲೆಯೊಳಗೆ ಏನೂ ಆಗಿರಲಿಲ್ಲ. ಸಂಜೆಯ ಹೊತ್ತಿಗೆ ಎದೆಬಡಿತ ತಗ್ಗಿತು, ಮರುದಿನ ಮಾತು ನೆಟ್ಟಗಾಯಿತು. ಮಣಿಕಟ್ಟಿಗೆ ಮಾತ್ರ ಆಪರೇಷನ್ನು ಮಾಡಿ ಕಂಬಿ ಹಾಕಿದರು. ಕೈ ಕೂಡುತ್ತದೆ, ಆದರೆ ಹಿಂದಿನ ಹಾಗೆ ಸಣ್ಣ ಕೆಲಸ ಆಗುವುದಿಲ್ಲ ಎಂದು ಹೇಳಿದರು. ಅವರ ಕೆಲಸವೆಲ್ಲ ಸಣ್ಣ ಕೆಲಸವೇ.

"ಯಾಕೆ ತಗೊಂಡ್ರಿ ಚಿಕ್ಕಪ್ಪ?" ಎಂದು ಕೇಳಿದೆ.

ಗೋಡೆಯ ಕಡೆ ತಿರುಗಿಕೊಂಡರು. "ನಿದ್ದೆ ಇರ್ನಿಲ್ಲ ಕಣವ್ವ. ವಸಿ ಹಾಕ್ಕಂಡೆ. ಏನೂ ಆಗ್ನಿಲ್ಲ. ಇನ್ನೊಂದ್ ವಸಿ ಹಾಕ್ಕಂಡೆ" ಎಂದರು. ಬೆಳಗಿನ ಹೊತ್ತು ನಿದ್ದೆಗೆಂದು ಯಾರು ತೆಗೆದುಕೊಳ್ಳುತ್ತಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ತೊಣ್ಣೂರಿನವರು ಬಂದು ತಾಳಿ ತೆಗೆದುಕೊಂಡು ಹೋದರು. ಕಣ್ಣಿಗೊತ್ತಿಕೊಂಡೇ ತೆಗೆದುಕೊಂಡರು. ಚಿಕ್ಕಪ್ಪ ಮಾಡಿದ ಕೊನೆಯ ತಾಳಿ ಅದು.

ಚಿಕ್ಕಪ್ಪ ನಾಲೆಗೆ ಬಿದ್ದ ದಿನದಿಂದ ಚಿಕ್ಕಮ್ಮ ಎಣ್ಣೆ ಮುಟ್ಟಲಿಲ್ಲ. ಹನಿ ಹಾಕಲು ಹೋದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. "ಬ್ಯಾಡ ಕಣೇ. ನನ್ ನೋವು ಅವ್ರ ಕೈ ತಿಂತು. ಇನ್ನೇನ್ ತಿನ್ಬೇಕು ಅದು?" ಡಾಕ್ಟರು ಫೋನಿನಲ್ಲಿ ಹೇಳಿದರೂ ಕೇಳಲಿಲ್ಲ. ಹೊಸ ಸೀಸೆ ತಂದೆ. ಈ ಸಲ ಲೇಬಲ್ಲಿನ ಮೇಲೆ ಸೆಲ್ಲೋಟೇಪು ಸುತ್ತಿದೆ. ಅದರ ಕೆಳಗೆ ಬಿಳಿ ಕಾಗದದಲ್ಲಿ ಎಲ್ಲವನ್ನೂ ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಅಂಟಿಸಿದೆ. ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಮತ್ತೆ ಅನ್ನ ನಿಲ್ಲದಾಯಿತು. ಮಂಡಿ ಎದೆಗೆ ಒತ್ತಿಕೊಂಡು ಮಲಗಿದರೆ ಸಣ್ಣ ಹುಡುಗಿಯಷ್ಟು ಕಾಣುತ್ತಿದ್ದಳು. ಚಿಕ್ಕಪ್ಪ ಕಟ್ಟು ಹಾಕಿದ ಕೈ ಕೊರಳಿಗೆ ನೇತುಹಾಕಿಕೊಂಡು ಹಿತ್ತಲಲ್ಲಿ ತಿರುಗುತ್ತಿದ್ದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಗೌರಿ ಹಬ್ಬಕ್ಕೆ ಚಿಕ್ಕಪ್ಪನ ಅಕ್ಕ ರಾಜಮ್ಮತ್ತೆ ನಾಗಮಂಗಲದಿಂದ ಬಂದರು. ತವರಿನ ಬಾಗಿನಕ್ಕೆ ಪ್ರತಿವರ್ಷ ಬರುವವರು. ಸುದ್ದಿ ಅವರಿಗಿಂತ ಮುಂಚೆಯೇ ನಾಗಮಂಗಲ ಮುಟ್ಟಿತ್ತು. ಚೀಲ ಇಡುವ ಮೊದಲೇ ಚಿಕ್ಕಮ್ಮನ ಹಾಸಿಗೆಯ ಮುಂದೆ ನಿಂತು, "ಏನವ್ವ ಗೌರ, ಗಾಂಜಾ ಎಣ್ಣೆ ಕುಡೀತಿದ್ದೆಯಂತೆ. ನಮ್ ವಂಸದಲ್ಲಿ ಯಾರೂ ಇಂಗ್ ಮಾಡಿರ್ನಿಲ್ಲ. ಮನೆ ಯಜಮಾನ್ನ ಕೈನೇ ತಗಿಸ್ಬುಟ್ಟೆಯಲ್ಲವ್ವ" ಎಂದರು.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಪ್ಪ ಹಿತ್ತಲಿಂದ ಒಳಗೆ ಬಂದರು. ನೆಲುವಿನ ಮೇಲಿದ್ದ ಹೊಸ ಸೀಸೆಯನ್ನು ಎಡಗೈಯಲ್ಲಿ ತೆಗೆದು ಅಕ್ಕನ ಮುಂದೆ, ಎಲೆಯ ಚಿತ್ರ ಕಾಣುವ ಹಾಗೆ ಇಟ್ಟರು.

"ಓದಕ್ಕ."

"ನಂಗ್ಯಾಕ್ಲಾ ಅದು?"

"ಓದು. ಕೂಸು ಕನ್ನಡದಲ್ಲೇ ಬರ್ದದೆ."

ರಾಜಮ್ಮತ್ತೆ ಕನ್ನಡಕ ಹುಡುಕಿ ಹಾಕಿಕೊಂಡು, ಅಕ್ಷರ ಅಕ್ಷರ ಕೂಡಿಸಿ ಓದಿದರು. ಡಾಕ್ಟರ ಮಾತಿನಂತೆಯೇ ಕುಡಿಸಬೇಕು. ಬೇರೆ ಯಾರೂ ಕುಡಿಯಬಾರದು. ಕುಡಿದು ಬಂಡಿ ಓಡಿಸಬಾರದು. ಆಗಲಿಲ್ಲವೆಂದು ಮತ್ತೆ ಕುಡಿಯಬಾರದು. ಓದುತ್ತ ಓದುತ್ತ ಅವರ ದನಿ ತಗ್ಗಿತು.

"ಇದೆಲ್ಲ ಮೊದ್ಲೇ ಇತ್ತು ಕಣಕ್ಕ" ಎಂದರು ಚಿಕ್ಕಪ್ಪ. "ಕಿತ್ತಾಕ್ದೋನು ನಾನು. ಅವ್ಳಲ್ಲ. ನಿನ್ನಂತೋರು ಕಂಡ್ರೆ ಏನಂದಾರು ಅಂತ ಕಿತ್ತಾಕ್ದೆ. ಕುಡ್ದೋನೂ ನಾನು, ಬಂಡಿ ಓಡ್ಸ್‌ದೋನೂ ನಾನು. ಅವ್ಳು ಮಾಡಿದ್ದು ನೋವ್ ತಿಂದಿದ್ದೊಂದೇ."

ಹೊರಗೆ ಹಬ್ಬದ ಹೂವಿನವನು ಕೂಗಿಕೊಂಡು ಹೋದ. ಚಿಕ್ಕಪ್ಪ ಹಾಸಿಗೆಯ ಪಕ್ಕ ಕುಳಿತು, "ಬಾಯ್ ತಗಿ ಗೌರ" ಎಂದರು. ಎಡಗೈಯಲ್ಲಿ ಹಾಕಲು ಹೋದರೆ ಹನಿ ಚಮಚದ ಆಚೆ ಬಿತ್ತು. ನಾನು ತೆಗೆದುಕೊಂಡು ಚಮಚಕ್ಕೆ ಹಾಕಿದೆ. ಚಿಕ್ಕಮ್ಮನ ಕುತ್ತಿಗೆಯ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದವರು ರಾಜಮ್ಮತ್ತೆ. ಅವಳು ಕಚ್ಚಿದ್ದ ಹಲ್ಲು ಸಡಿಲಿಸಿ ಬಾಯಿ ತೆರೆದಳು.

ಆಮೇಲೆ ಮಳೆ ಹಿಂದೆ ಸರಿಯಿತು. ಗದ್ದೆಗಳು ಹಸಿರಿಂದ ತಿಳಿಹಳದಿಗೆ ತಿರುಗಿದವು. ಕಟ್ಟು ಬಿಚ್ಚಿದ ಮೇಲೆ ಚಿಕ್ಕಪ್ಪ ಒಂದು ದಿನ ಕೆಲಸದ ಮಣೆಯ ಮುಂದೆ ಕುಳಿತರು. ಚಿಮಟದಲ್ಲಿ ಚಿನ್ನದ ಗುಂಡೊಂದನ್ನು ಎತ್ತಲು ನೋಡಿದರು. ಅದು ಜಾರಿ ಉರುಳಿತು. ಹುಡುಕಿ ಡಬ್ಬಿಗೆ ಹಾಕಿ, ಎದ್ದು ಬಂದರು. ಮತ್ತೆ ಅಲ್ಲಿ ಕೂರಲಿಲ್ಲ.

ಚಿಕ್ಕಮ್ಮ ದೀಪಾವಳಿಗೆ ಮುಂಚೆ ಹೋದಳು. ಹಗಲು ಹೊತ್ತು, ಮಲಗಿದ್ದಂತೆಯೇ. ನನಗೆ ನೆನಪಾಗುವುದು ಆ ದಿನವಲ್ಲ, ಅದಕ್ಕೆ ಕೆಲವು ದಿನ ಮೊದಲಿನ ಒಂದು ಸಾಯಂಕಾಲ. ನಾನು ಅಡುಗೆಮನೆಯಲ್ಲಿದ್ದೆ. ಚಿಕ್ಕಪ್ಪ ಅವಳ ಪಕ್ಕ ಕುಳಿತಿದ್ದರು.

"ಅವತ್ತು ನಿಜ್ವಾಗೂ ನಿದ್ದೆಗೆ ಕುಡುದ್ರಾ?" ಎಂದು ಕೇಳಿದಳು.

"ಇಲ್ಲ ಕಣೇ. ತಾಳಿ ಮುಗಿಸ್ಬೇಕಿತ್ತು. ಗ್ವಾಡೆ ಆಚೆಯಿಂದ ನಿನ್ ದನಿ ಬತ್ತಿತ್ತು. ಕೈ ನಿಲ್ತಿರ್ನಿಲ್ಲ. ಕಿವೀಗೆ ಹತ್ತಿ ಇಟ್ಕಂಡೆ, ಆದ್ರೂ ಕೇಳ್ತಿತ್ತು. ನಿಂಗೆ ನೋವ್ ಮರೆಸ್ತದಲ್ಲ, ನಂಗೂ ವಸಿ ಮರೀಲಿ ಅಂತ."

"ನಾನು ಬಾಯಿಗೆ ಸೆರಗ್ ತುರುಕ್ಕಂಡಿದ್ದೆ" ಎಂದಳು ಚಿಕ್ಕಮ್ಮ. "ನಿಮ್ಗೆ ಕೇಳ್ಬಾರ್ದು ಅಂತ."

"ಕೇಳ್ತಿತ್ತು."

ಅವಳು ಅವರ ಸೊಟ್ಟಗೆ ಕೂಡಿಕೊಂಡಿದ್ದ ಮಣಿಕಟ್ಟನ್ನು ಎಳೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಆ ಗಂಟಿನ ಮೇಲೆ ಮೆಲ್ಲಗೆ ಸವರತೊಡಗಿದಳು. ಹನಿ ಹಾಕುವ ಹೊತ್ತಾಗಿತ್ತು. ಸೀಸೆ, ಚಮಚ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ವಸಿ ತಡಿಯವ್ವ. ಅದ್ ಕುಡುದ್ರೆ ಮಂಪ್ರು ಬಂದ್ಬುಡ್ತದೆ. ಇವ್ರ ಜೊತೆ ಇನ್ನೊಂದ್ ಗಳಿಗೆ ಎಚ್ಚರಾಗಿರ್ತೀನಿ."

ನಾನು ಹೊಸ್ತಿಲ ಮೇಲೆಯೇ ಕುಳಿತೆ. ಸ್ವಲ್ಪ ಹೊತ್ತಿಗೆ ನೋವು ಬಂತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ, ಗಟ್ಟಿಯಾಗಿಯೇ ನರಳಿದಳು. ಚಿಕ್ಕಪ್ಪ ಕೈ ಎಳೆದುಕೊಳ್ಳದೆ ಕೇಳುತ್ತ ಕುಳಿತಿದ್ದರು.